ಬಸ್ಸು, ರೈಲಿನ ಸೇವೆ ಚೆನ್ನಾಗಿದೆ ಎಂದು ಹೇಳುವುದು ಹೇಗೆ? ನಗರ ಯೋಜನೆ ಮತ್ತು ಕಟ್ಟಡ ಯೋಜನೆಗಳ ಪರಿಶೀಲನೆ: ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡದೊಂದು ವಸತಿ ಸಮುಚ್ಚಯವೋ ಕಚೇರಿ ಸಂಕೀರ್ಣವೋ ಮಂಜೂರಾತಿಗೆ ಬಂದಾಗ, ಜೊತೆಗಿರುವ ಸಂಚಾರ ವರದಿಯಲ್ಲಿ "ಈ ಜಾಗಕ್ಕೆ ಸಾರ್ವಜನಿಕ ಸಾರಿಗೆಯ ಸೌಲಭ್ಯ ಉತ್ತಮವಾಗಿದೆ" ಎಂಬ ಸಾಲು ಇದ್ದೇ ಇರುತ್ತದೆ. ಆ ಸಾಲನ್ನು ನಂಬಿ ಪಾರ್ಕಿಂಗ್ ಕಡಿಮೆ ಮಾಡುತ್ತಾರೆ, ಮಹಡಿ ಹೆಚ್ಚಿಸುತ್ತಾರೆ, ರಸ್ತೆಗೆ ಬೀಳುವ ಹೊರೆ ಇಷ್ಟೇ ಎಂದು ಲೆಕ್ಕ ಕಟ್ಟುತ್ತಾರೆ. ಉತ್ತಮ ಎಂದವರು ಅಳೆದದ್ದು ಏನನ್ನು, ಯಾವ ಹೊತ್ತಿನಲ್ಲಿ, ಎಲ್ಲಿ ನಿಂತು? ಯೋಜನಾ ಇಲಾಖೆಯಲ್ಲಿ ಕೆಲಸ ಮಾಡುವವರು, ವಾಸ್ತುಶಿಲ್ಪಿಗಳು, ನಿವಾಸಿ ಸಂಘದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಸೇವೆಯ ಗುಣಮಟ್ಟ ಎಂದರೆ ಏನೇನು?

ಪ್ರಯಾಣಿಕರ ಕಡೆಯಿಂದ ನೋಡಿದರೆ ಎರಡು ಹಂತಗಳಿವೆ. ಮೊದಲನೆಯದು, ಸೇವೆ ನನಗೆ ಸಿಗುತ್ತದೆಯೇ ಎಂಬುದು. ನಡೆದು ತಲುಪುವಷ್ಟು ಹತ್ತಿರ ನಿಲ್ದಾಣ ಇದೆಯೇ, ಎಷ್ಟು ಹೊತ್ತಿಗೊಂದು ಬಸ್ಸು, ಬೆಳಿಗ್ಗೆ ಎಷ್ಟಕ್ಕೆ ಶುರು, ರಾತ್ರಿ ಕೊನೆಯ ಬಸ್ಸು ಎಷ್ಟಕ್ಕೆ? ಇವುಗಳಲ್ಲಿ ಒಂದು ಕೈಕೊಟ್ಟರೂ ಉಳಿದವು ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ. ಎರಡನೆಯದು, ಸಿಕ್ಕಿದ ಸೇವೆ ಹೇಗಿದೆ ಎಂಬುದು. ಹೇಳಿದ ಹೊತ್ತಿಗೆ ಬರುತ್ತದೆಯೇ, ಒಳಗೆ ನಿಲ್ಲಲು ಜಾಗ ಇದೆಯೇ, ಸ್ವಂತ ವಾಹನಕ್ಕೆ ಹೋಲಿಸಿದರೆ ಎಷ್ಟು ತಡ?

ಸಾರಿಗೆ ಸಂಸ್ಥೆಗಳ ವಾರ್ಷಿಕ ವರದಿಗಳಲ್ಲಿ ಸಿಗುವ ಅಂಕಿಗಳು ಬೇರೆ ಜಾತಿಯವು: ಎಷ್ಟು ಬಸ್ಸುಗಳಿವೆ, ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿದವು, ಪ್ರತಿ ಕಿಲೋಮೀಟರಿಗೆ ಆದಾಯ ಎಷ್ಟು. ಡಿಪೊ ನಡೆಸುವವರಿಗೆ ಇವು ಬೇಕು. ನಿರ್ದಿಷ್ಟ ಜಾಗವೊಂದರಲ್ಲಿ 500 ಮನೆ ಬರಬಹುದೇ ಎಂಬ ಪ್ರಶ್ನೆಗೆ ಇವುಗಳಿಂದ ಉತ್ತರ ಸಿಗುವುದಿಲ್ಲ.

ನಿಲ್ದಾಣ 400 ಮೀಟರ್ ಒಳಗಿದ್ದರೆ ಸಾಕಲ್ಲವೇ?

ಬಸ್ಸಿಗೆ 400 ಮೀಟರ್, ರೈಲಿಗೆ 800 ಮೀಟರ್ ಎಂಬುದು ಬಹಳ ಕಡೆ ಬಳಕೆಯಲ್ಲಿರುವ ಅಂದಾಜಿನ ಲೆಕ್ಕ. ಸುಮಾರು 5 ಮತ್ತು 10 ನಿಮಿಷದ ನಡಿಗೆ. ತೊಂದರೆ ಇರುವುದು ಅಳೆಯುವ ವಿಧಾನದಲ್ಲಿ. ನಕ್ಷೆಯ ಮೇಲೆ ನಿಲ್ದಾಣವನ್ನು ಕೇಂದ್ರವಾಗಿಟ್ಟು ವೃತ್ತ ಎಳೆದರೆ ರೈಲು ಹಳಿ, ಚರಂಡಿ, ಕಾಂಪೌಂಡ್ ಗೋಡೆ, ದಾಟಲಾಗದ ಹೆದ್ದಾರಿ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ವೃತ್ತದೊಳಗೆ 300 ಮೀಟರ್ ದೂರದಲ್ಲಿ ಕಾಣುವ ಮನೆಯಿಂದ ನಿಜವಾಗಿ ನಡೆಯಬೇಕಾದದ್ದು 900 ಮೀಟರ್ ಆಗಿರಬಹುದು.

ಅದಕ್ಕೇ ವರದಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ದೂರ ಅಳೆದದ್ದು ಎಲ್ಲಿಂದ ಎಲ್ಲಿಗೆ? ನಿವೇಶನದ ಅಂಚಿನಿಂದ ಅಳೆದಿದ್ದರೆ ಒಪ್ಪಬೇಡಿ. ಕಟ್ಟಡದ ಬಾಗಿಲಿನಿಂದ, ಜನ ನಿಜಕ್ಕೂ ಬಳಸುವ ಗೇಟಿನ ಮೂಲಕ, ದಾಟಲು ಸಾಧ್ಯವಿರುವ ಜಾಗದಲ್ಲೇ ರಸ್ತೆ ದಾಟಿ ಅಳೆಯಬೇಕು. ಹೋಗುವ ದಿಕ್ಕಿನ ನಿಲ್ದಾಣ ಒಂದು ಬದಿ, ಬರುವ ದಿಕ್ಕಿನದು ಇನ್ನೊಂದು ಬದಿ ಇರುವುದರಿಂದ ಎರಡನ್ನೂ ಅಳೆಯಬೇಕು.

ಗಂಟೆಗೆ 6 ಬಸ್ಸು ಇದ್ದರೆ ಸರಾಸರಿ ಕಾಯುವುದು 5 ನಿಮಿಷ ತಾನೇ?

ಬಸ್ಸುಗಳು ಸರಿಯಾಗಿ 10 ನಿಮಿಷಕ್ಕೊಂದರಂತೆ ಬಂದರೆ ಹೌದು. ಆದರೆ ಬಸ್ಸುಗಳು ಹಾಗೆ ಬರುವುದಿಲ್ಲ. ಎರಡೆರಡು ಬಸ್ಸುಗಳು ಬೆನ್ನಿಗೆ ಬೆನ್ನು ಹಚ್ಚಿ ಬಂದು, ಆಮೇಲೆ ಬಹಳ ಹೊತ್ತು ಒಂದೂ ಇಲ್ಲದಿರುವುದು ಎಲ್ಲರೂ ಕಂಡದ್ದೇ. ಎರಡರ ನಡುವೆ 1 ನಿಮಿಷ, ಆಮೇಲೆ 19 ನಿಮಿಷ, ಮತ್ತೆ 1, ಮತ್ತೆ 19 ಎಂದುಕೊಳ್ಳಿ. ಗಂಟೆಗೆ 6 ಬಸ್ಸು ಇದ್ದೇ ಇವೆ, ಸರಾಸರಿ ಅಂತರವೂ 10 ನಿಮಿಷವೇ. ಆದರೆ 20 ನಿಮಿಷದಲ್ಲಿ ನಿಲ್ದಾಣಕ್ಕೆ ಬರುವ 20 ಜನರಲ್ಲಿ 19 ಜನ ಬಂದು ಸೇರುವುದು ಆ ಉದ್ದದ ಖಾಲಿ ಹೊತ್ತಿನಲ್ಲೇ. ಅವರು ಸರಾಸರಿ ಒಂಬತ್ತೂವರೆ ನಿಮಿಷ ಕಾಯುತ್ತಾರೆ. ಎಲ್ಲರನ್ನೂ ಸೇರಿಸಿದರೆ ಸರಾಸರಿ 9 ನಿಮಿಷಕ್ಕೂ ಸ್ವಲ್ಪ ಹೆಚ್ಚು. ವೇಳಾಪಟ್ಟಿ ಹೇಳಿದ್ದು 5. ಉಳಿದ 4 ನಿಮಿಷ ಯಾವ ವೇಳಾಪಟ್ಟಿಯಲ್ಲೂ ಕಾಣುವುದಿಲ್ಲ, ನಿಂತವರ ಕಾಲಿಗೆ ಮಾತ್ರ ಗೊತ್ತು.

ಇದನ್ನು ಹಿಡಿಯುವ ಸೂತ್ರ ಸರಳ. ಪ್ರತಿ ಅಂತರವನ್ನೂ ವರ್ಗ ಮಾಡಿ ಕೂಡಿಸಿ, ಎಲ್ಲ ಅಂತರಗಳ ಮೊತ್ತದ ಎರಡರಷ್ಟರಿಂದ ಭಾಗಿಸಿ. ಬಂದದ್ದು ನಿಜವಾದ ಸರಾಸರಿ ಕಾಯುವಿಕೆ. ಅದರಿಂದ ವೇಳಾಪಟ್ಟಿಯ ಕಾಯುವಿಕೆಯನ್ನು ಕಳೆದರೆ ಉಳಿಯುವುದು 'ಹೆಚ್ಚುವರಿ ಕಾಯುವಿಕೆ'. ಲಂಡನ್ನಿನಲ್ಲಿ ಪದೇ ಪದೇ ಬರುವ ಬಸ್ ಮಾರ್ಗಗಳನ್ನು ಈ ಅಳತೆಯಿಂದಲೇ ನೋಡುತ್ತಾರೆ. ನನ್ನ ಮಟ್ಟಿಗೆ, ಒಂದೇ ಒಂದು ಅಂಕಿ ಆರಿಸಿಕೊಳ್ಳಿ ಎಂದರೆ ಇದನ್ನೇ ಆರಿಸಿಕೊಳ್ಳುತ್ತೇನೆ.

ಬಸ್ಸುಗಳು ಜೋಡಿಯಾಗುವುದಕ್ಕೆ ಚಾಲಕರನ್ನು ಬೈಯುವುದು ಸರಿಯಲ್ಲ. ಸ್ವಲ್ಪ ತಡವಾದ ಬಸ್ಸಿಗೆ ಮುಂದಿನ ನಿಲ್ದಾಣದಲ್ಲಿ ಹೆಚ್ಚು ಜನ ಕಾದಿರುತ್ತಾರೆ. ಅವರು ಹತ್ತುವಷ್ಟರಲ್ಲಿ ಅದು ಇನ್ನಷ್ಟು ತಡವಾಗುತ್ತದೆ. ಹಿಂದಿನ ಬಸ್ಸಿಗೆ ಜನ ಕಡಿಮೆ, ಅದು ಬೇಗ ಬೇಗ ಬಂದು ಮುಂದಿನದನ್ನು ಹಿಡಿದುಬಿಡುತ್ತದೆ. ಮೊದಲ ಸಣ್ಣ ತಡಕ್ಕೆ ಕಾರಣ ಒಂದು ಸಿಗ್ನಲ್ ಇರಬಹುದು, ಒಂದು ಹೊಸ ಕಟ್ಟಡದ ಗೇಟಿನಿಂದ ಹೊರಬರುವ ಕಾರುಗಳ ಸಾಲೂ ಇರಬಹುದು. ಯೋಜನಾ ಪರಿಶೀಲನೆಗೂ ಈ ವಿಷಯಕ್ಕೂ ನಂಟು ಇರುವುದು ಇಲ್ಲಿ.

ಸಮಯಪಾಲನೆ ಶೇಕಡಾವಾರು ಕೊಟ್ಟರೆ ಆಗುವುದಿಲ್ಲವೇ?

ಅರ್ಧ ಗಂಟೆಗೊಂದು, ಗಂಟೆಗೊಂದು ಬರುವ ಬಸ್ಸಿಗೆ ಅದೇ ಸರಿಯಾದ ಅಳತೆ. ಜನ ವೇಳೆ ನೋಡಿಕೊಂಡು ಹೊರಡುತ್ತಾರೆ. ಸಾಮಾನ್ಯವಾಗಿ ನಿಗದಿತ ವೇಳೆಗಿಂತ 1 ನಿಮಿಷ ಮೊದಲಿನಿಂದ 5 ನಿಮಿಷ ತಡದವರೆಗೆ ಬಂದರೆ ಸಮಯಕ್ಕೆ ಬಂತು ಎಂದು ಲೆಕ್ಕ. ಒಂದು ಎಚ್ಚರಿಕೆ: ಇಂಥ ಮಾರ್ಗದಲ್ಲಿ ಬೇಗ ಹೊರಟುಹೋಗುವ ಬಸ್ಸು ತಡವಾಗುವ ಬಸ್ಸಿಗಿಂತ ಕೆಟ್ಟದ್ದು. ಗಂಟೆಗೊಂದು ಬರುವ ಬಸ್ಸು 3 ನಿಮಿಷ ಮೊದಲೇ ಹೋದರೆ ಪ್ರಯಾಣಿಕರಿಗೆ ಆಗುವ ನಷ್ಟ 3 ನಿಮಿಷವಲ್ಲ, ಹತ್ತಿರಹತ್ತಿರ ಒಂದು ಗಂಟೆ.

10 ನಿಮಿಷಕ್ಕಿಂತ ಬೇಗ ಬೇಗ ಬರುವ ಮಾರ್ಗದಲ್ಲಿ ಯಾರೂ ವೇಳಾಪಟ್ಟಿ ನೋಡುವುದಿಲ್ಲ. ಅಲ್ಲಿ ಅಂತರ ಸಮನಾಗಿದೆಯೇ ಎಂದು ನೋಡಬೇಕು. ಇನ್ನೊಂದು ವಿಷಯ, ರದ್ದಾದ ಟ್ರಿಪ್‌ಗಳು ಲೆಕ್ಕದಲ್ಲಿ ಇವೆಯೇ ಎಂದು ಖಂಡಿತ ಕೇಳಿ. ಓಡಿದ ಬಸ್ಸುಗಳನ್ನು ಮಾತ್ರ ಎಣಿಸಿದ ಶೇಕಡಾವಾರಿಗೆ ಅರ್ಥವಿಲ್ಲ.

ಎ ಇಂದ ಎಫ್ ತನಕ ದರ್ಜೆ ಕೊಡುವ ಪದ್ಧತಿ ಎಲ್ಲಿಯದು?

ಎ ಅತ್ಯುತ್ತಮ, ಎಫ್ ಅತಿ ಕಳಪೆ ಎನ್ನುವ ಈ ಪದ್ಧತಿ ಅಮೆರಿಕದ ಹೈವೇ ಕೆಪಾಸಿಟಿ ಮ್ಯಾನ್ಯುಯಲ್ ಎಂಬ ಕೈಪಿಡಿಯ 1965ರ ಆವೃತ್ತಿಯಲ್ಲಿ ರಸ್ತೆಗಳಿಗಾಗಿ ಬಂದದ್ದು. ಸಾರ್ವಜನಿಕ ಸಾರಿಗೆಗೆಂದೇ ಪ್ರತ್ಯೇಕ ಕೈಪಿಡಿ, ಟ್ರಾನ್ಸಿಟ್ ಕೆಪಾಸಿಟಿ ಅಂಡ್ ಕ್ವಾಲಿಟಿ ಆಫ್ ಸರ್ವಿಸ್ ಮ್ಯಾನ್ಯುಯಲ್, 1999ರಲ್ಲಿ ಹೊರಬಂತು. ಅದರ 2003ರ ಎರಡನೇ ಆವೃತ್ತಿಯ ಪ್ರಕಾರ 10 ನಿಮಿಷಕ್ಕಿಂತ ಕಡಿಮೆ ಅಂತರವಿದ್ದರೆ ಎ, 15ರಿಂದ 20 ನಿಮಿಷಕ್ಕೆ ಸಿ, ಒಂದು ಗಂಟೆ ದಾಟಿದರೆ ಎಫ್. ದಿನಕ್ಕೆ 19 ಗಂಟೆ ಅಥವಾ ಹೆಚ್ಚು ಸೇವೆ ಇದ್ದರೆ ಎ, 12–13 ಗಂಟೆ ಇದ್ದರೆ ಡಿ.

2013ರ ಮೂರನೇ ಆವೃತ್ತಿಯಲ್ಲಿ ಈ ಅಕ್ಷರಗಳನ್ನು ಕೈಬಿಟ್ಟು, ಪ್ರತಿ ಮಟ್ಟದಲ್ಲೂ ಪ್ರಯಾಣಿಕರ ಅನುಭವ ಏನು, ಸಂಸ್ಥೆಗೆ ಅದರ ಹೊರೆ ಏನು ಎಂದು ವಿವರಿಸುವ ಕೋಷ್ಟಕಗಳನ್ನು ಕೊಟ್ಟರು. ಒಳ್ಳೆಯದೇ ಆಯಿತು. ಸಣ್ಣ ಊರಿಗೆ ಅರ್ಧ ಗಂಟೆಗೊಂದು ಬಸ್ಸು ದೊಡ್ಡ ಸಾಧನೆ. ಅದಕ್ಕೆ ಡಿ ಎಂದು ಅಂಟಿಸಿದರೆ ಶಾಲೆಯ ಅಂಕಪಟ್ಟಿಯಂತೆ ಕಾಣುತ್ತದೆ, ಮುಂದೇನು ಮಾಡಬೇಕು ಎಂಬುದು ತಿಳಿಯುವುದಿಲ್ಲ.

ಒಂದು ಜಾಗಕ್ಕೆ ಒಂದೇ ಅಂಕಿ ಕೊಡುವ ವಿಧಾನ ಇದೆಯೇ?

ಇದೆ. ಹೆಚ್ಚು ಹೆಸರಾದದ್ದು ಲಂಡನ್ನಿನ ಪಿಟಾಲ್ (ಪಬ್ಲಿಕ್ ಟ್ರಾನ್ಸ್‌ಪೋರ್ಟ್ ಆ್ಯಕ್ಸೆಸಿಬಿಲಿಟಿ ಲೆವೆಲ್, ಅಂದರೆ ಸಾರ್ವಜನಿಕ ಸಾರಿಗೆ ಎಷ್ಟು ಸುಲಭವಾಗಿ ಸಿಗುತ್ತದೆ ಎಂಬ ಮಟ್ಟ). 1992ರಲ್ಲಿ ಅಲ್ಲಿನ ಹ್ಯಾಮರ್‌ಸ್ಮಿತ್ ಅಂಡ್ ಫುಲಮ್ ಬರೋದಲ್ಲಿ (ನಗರದೊಳಗಿನ ಒಂದು ಆಡಳಿತ ವಿಭಾಗ) ಹುಟ್ಟಿ, ಆಮೇಲೆ ಇಡೀ ನಗರಕ್ಕೆ ಹಬ್ಬಿತು. ಎಷ್ಟು ದಟ್ಟವಾಗಿ ಕಟ್ಟಬಹುದು, ಎಷ್ಟು ಕಾರಿಗೆ ಪಾರ್ಕಿಂಗ್ ಬಿಡಬಹುದು ಎಂಬ ನಿರ್ಧಾರಗಳಲ್ಲಿ ಅದರ ಬಳಕೆ ಇದೆ. ಲೆಕ್ಕ ಹಾಕುವುದು ಹೀಗೆ: ನಿಮಿಷಕ್ಕೆ 80 ಮೀಟರ್ ನಡಿಗೆ. ಬಸ್ಸಿಗೆ 640 ಮೀಟರ್, ರೈಲಿಗೆ 960 ಮೀಟರ್ ಒಳಗಿನ ನಿಲ್ದಾಣಗಳು ಮಾತ್ರ. ಕಾಯುವಿಕೆ ಎಂದರೆ ಅಂತರದ ಅರ್ಧ, ಅದಕ್ಕೆ ಬಸ್ಸಿನ ಅನಿಶ್ಚಿತತೆಗೆ 2 ನಿಮಿಷ, ರೈಲಿಗೆ ಮುಕ್ಕಾಲು ನಿಮಿಷ ಸೇರಿಸಬೇಕು. ನಡಿಗೆಯನ್ನೂ ಇದನ್ನೂ ಕೂಡಿ, 30ನ್ನು ಆ ಮೊತ್ತದಿಂದ ಭಾಗಿಸಿದರೆ ಒಂದು ಮಾರ್ಗದ ಅಂಕ. ಬಸ್ಸು, ರೈಲು ಹೀಗೆ ಪ್ರತಿ ಬಗೆಯಲ್ಲೂ ಅತ್ಯುತ್ತಮ ಮಾರ್ಗಕ್ಕೆ ಪೂರ್ತಿ ಅಂಕ, ಉಳಿದವಕ್ಕೆ ಅರ್ಧ.

ಒಂದು ಉದಾಹರಣೆ. ಕಟ್ಟಡದ ಬಾಗಿಲಿನಿಂದ ನಿಲ್ದಾಣ 400 ಮೀಟರ್, ಅಂದರೆ 5 ನಿಮಿಷ. ಒಂದು ಮಾರ್ಗದಲ್ಲಿ ಗಂಟೆಗೆ 6 ಬಸ್ಸು: 5 ನಿಮಿಷ ಕಾಯುವಿಕೆ, ಮೇಲೆ 2. ಒಟ್ಟು 12 ನಿಮಿಷ, ಅಂಕ 2.5. ಇನ್ನೊಂದರಲ್ಲಿ ಗಂಟೆಗೆ 4: ಒಟ್ಟು 14.5 ನಿಮಿಷ, ಅಂಕ 2.07, ಅದರ ಅರ್ಧ 1.03. ಕೂಡಿದರೆ 3.53. ದರ್ಜೆ 1ಬಿ, ಅಂದರೆ ಕೆಳಗಿನಿಂದ ಮೂರನೆಯದು. ಅತಿ ಎತ್ತರದ 6ಬಿ ಸಿಗಬೇಕಾದರೆ 40 ದಾಟಬೇಕು.

ಈಗ ಕಾಂಪೌಂಡಿನಲ್ಲಿ ನಿಲ್ದಾಣದ ಕಡೆಗೆ ಒಂದು ಸಣ್ಣ ಗೇಟು ಇಟ್ಟು ನಡಿಗೆಯನ್ನು 160 ಮೀಟರಿಗೆ ಇಳಿಸಿ. ಮೊದಲ ಮಾರ್ಗದ ಒಟ್ಟು 12ರಿಂದ 9 ನಿಮಿಷಕ್ಕೆ ಬರುತ್ತದೆ. ಗೇಟಿಲ್ಲದೆ ಅದೇ 9 ನಿಮಿಷ ಸಾಧಿಸಬೇಕಾದರೆ ಗಂಟೆಗೆ 15 ಬಸ್ಸು ಓಡಿಸಬೇಕು! ಒಂದು ಗೇಟಿನ ಬೆಲೆ ಎಷ್ಟು, 9 ಹೆಚ್ಚುವರಿ ಬಸ್ಸುಗಳನ್ನು ಪ್ರತಿ ಗಂಟೆ ಓಡಿಸುವ ಬೆಲೆ ಎಷ್ಟು ಎಂದು ಯೋಚಿಸಿ. ಬದಲಿಗೆ ಇರುವ ಒಂದೇ ಗೇಟನ್ನು ನಿವೇಶನದ ಹಿಂಬದಿಗೆ ಹಾಕಿ ನಡಿಗೆ 660 ಮೀಟರ್ ಆದರೆ ಎರಡೂ ಮಾರ್ಗ ಲೆಕ್ಕದಿಂದಲೇ ಹೊರಗೆ, ಅಂಕ ಸೊನ್ನೆ. ಬಸ್ಸೂ ಬದಲಾಗಿಲ್ಲ, ರಸ್ತೆಯೂ ಬದಲಾಗಿಲ್ಲ.

ಹಾಗಾದರೆ ಪಿಟಾಲ್ ನಂಬಬಹುದೇ?

ಅದು ಹೇಳುವಷ್ಟನ್ನು ನಂಬಬಹುದು. ನಿಲ್ದಾಣಕ್ಕೆ ತಲುಪಿ ಬಸ್ಸು ಹತ್ತುವುದು ಎಷ್ಟು ಸುಲಭ ಎಂದು ಹೇಳುತ್ತದೆ. ಬಸ್ಸು ಎಲ್ಲಿಗೆ ಹೋಗುತ್ತದೆ, ಹತ್ತಲು ಜಾಗ ಇರುತ್ತದೆಯೇ, ರಾತ್ರಿ 10ಕ್ಕೆ ಏನು ಗತಿ ಎಂದು ಹೇಳುವುದಿಲ್ಲ. ಅದರ ಲೆಕ್ಕ ಬೆಳಗಿನ ದಟ್ಟಣೆಯ ಹೊತ್ತಿನದು. ಜೊತೆಗೆ, ಮೇಲೆ ನೋಡಿದಂತೆ 640 ಮೀಟರಿಗೆ ಒಮ್ಮೆಲೇ ಕತ್ತರಿ ಬೀಳುತ್ತದೆ. ಸಣ್ಣ ಗೇಟು ಇಟ್ಟಾಗ ಅಂಕ 3.53ರಿಂದ 4.64ಕ್ಕೆ ಏರುತ್ತದೆ, ಆದರೂ ದರ್ಜೆ 1ಬಿಯಲ್ಲೇ ಉಳಿಯುತ್ತದೆ. ಆದ್ದರಿಂದ ದರ್ಜೆಯ ಜೊತೆ ಮೂಲ ಅಂಕವನ್ನೂ ಕೇಳಿ ಪಡೆಯಿರಿ.

ಇದಕ್ಕೆ ಪೂರಕವಾಗಿ, ಈ ಜಾಗದಿಂದ ಬಾಗಿಲಿನಿಂದ ಬಾಗಿಲಿಗೆ 45 ನಿಮಿಷದಲ್ಲಿ ಎಷ್ಟು ಉದ್ಯೋಗ, ಎಷ್ಟು ಆಸ್ಪತ್ರೆ, ಎಷ್ಟು ಕಾಲೇಜು ತಲುಪಬಹುದು ಎಂಬ ಲೆಕ್ಕ ಮಾಡಿಸಬಹುದು. ಕೆಲಸ ಹೆಚ್ಚು, ಆದರೆ ಜನರಿಗೆ ಬೇಕಾದ ಉತ್ತರಕ್ಕೆ ಇದೇ ಹತ್ತಿರ.

ಬಸ್ಸು ಸರಾಸರಿ ಅರ್ಧ ಖಾಲಿ ಓಡುತ್ತದೆ ಎಂದು ವರದಿ ಹೇಳುತ್ತದೆ, ಜನ ನೇತಾಡಿಕೊಂಡು ಹೋಗುತ್ತಾರೆ. ಯಾವುದು ನಿಜ?

ಎರಡೂ ನಿಜ. ಒಂದು ಬಸ್ಸಿನಲ್ಲಿ 60 ಜನ, ಹಿಂದಿನದರಲ್ಲಿ 20 ಜನ ಇದ್ದರೆ ಬಸ್ಸುಗಳ ಸರಾಸರಿ 40. ಆದರೆ 80 ಪ್ರಯಾಣಿಕರಲ್ಲಿ 60 ಜನ ಕಂಡದ್ದು ತುಂಬಿ ತುಳುಕಿದ ಬಸ್ಸನ್ನು. ಪ್ರಯಾಣಿಕರ ಸರಾಸರಿ ತೆಗೆದರೆ 50. ದಿನವಿಡೀ, ಎರಡೂ ದಿಕ್ಕಿನ ಸರಾಸರಿ ತೆಗೆದರಂತೂ ದಟ್ಟಣೆ ಪೂರ್ತಿ ಕರಗಿಹೋಗುತ್ತದೆ. ಹೊಸ ಕಟ್ಟಡದ ಪರಿಶೀಲನೆಗೆ ಬೇಕಾದದ್ದು ದಟ್ಟಣೆಯ ಹೊತ್ತಿನಲ್ಲಿ, ದಟ್ಟಣೆಯ ದಿಕ್ಕಿನಲ್ಲಿ, ಮಾರ್ಗದ ಅತಿ ತುಂಬಿದ ಜಾಗದ ಅಂಕಿ. ಅಲ್ಲಿ ಈಗಾಗಲೇ ಬಸ್ಸು ನಿಲ್ಲಿಸದೆ ಹೋಗುತ್ತಿದ್ದರೆ, ನಿಲ್ದಾಣ ಬಾಗಿಲ ಮುಂದೆಯೇ ಇದ್ದರೂ ಹೊಸ ನಿವಾಸಿಗಳಿಗೆ ಸೇವೆ ಇಲ್ಲ.

ರಸ್ತೆಯ ದರ್ಜೆ ಕಾಪಾಡಿದರೆ ಬಸ್ಸಿಗೂ ಒಳ್ಳೆಯದಲ್ಲವೇ?

ಹಲವು ಸಲ ಉಲ್ಟಾ ಆಗುತ್ತದೆ. ಸಿಗ್ನಲ್ ಕೂಡುರಸ್ತೆಯ ಹಳೆಯ ಲೆಕ್ಕದಲ್ಲಿ ಪ್ರತಿ ವಾಹನದ ಸರಾಸರಿ ವಿಳಂಬ 80 ಸೆಕೆಂಡ್ ದಾಟಿದರೆ ಎಫ್. ಅಲ್ಲಿ 60 ಜನರಿರುವ ಬಸ್ಸೂ ಒಂದು ವಾಹನ, ಒಬ್ಬರೇ ಕುಳಿತ ಕಾರೂ ಒಂದು ವಾಹನ. ದರ್ಜೆ ಸುಧಾರಿಸಲು ರಸ್ತೆ ಅಗಲ ಮಾಡಿ ಎಂದು ಷರತ್ತು ಹಾಕಿದರೆ ಫುಟ್‌ಪಾತ್ ಕಿರಿದಾಗುತ್ತದೆ, ರಸ್ತೆ ದಾಟುವ ದೂರ ಹೆಚ್ಚುತ್ತದೆ, ನಿಲ್ದಾಣ ತಲುಪುವುದೇ ಕಷ್ಟವಾಗುತ್ತದೆ. ಬಸ್ ಪಥ ಮಾಡಿದರೆ ಕಾರುಗಳ ದರ್ಜೆ ಇಳಿದಂತೆ ಕಾಣುವುದರಿಂದ ಅದನ್ನು ಪರಿಸರಕ್ಕೆ ಹಾನಿ ಎಂದು ದಾಖಲಿಸಿದ ಉದಾಹರಣೆಗಳೂ ಇವೆ. ಈ ಕಾರಣಕ್ಕೇ ಕ್ಯಾಲಿಫೋರ್ನಿಯಾ 2013ರಲ್ಲಿ ಎಸ್‌ಬಿ 743 ಎಂಬ ಕಾನೂನು ತಂದಿತು. 2020ರ ಜುಲೈ 1ರಿಂದ ಅಲ್ಲಿನ ಪರಿಸರ ಪರಿಶೀಲನೆಯಲ್ಲಿ ಕಾರುಗಳ ವಿಳಂಬವನ್ನು ಹಾನಿಯೆಂದು ಎಣಿಸುವಂತಿಲ್ಲ. ಯೋಜನೆಯಿಂದ ವಾಹನಗಳು ಒಟ್ಟು ಎಷ್ಟು ದೂರ ಓಡುತ್ತವೆ ಎಂದು ನೋಡಬೇಕು.

ಹೊಸ ಕಟ್ಟಡದಿಂದ ಬಸ್ಸಿಗೆ ಆಗುವ ತೊಂದರೆಯನ್ನು ಅಂಕಿಯಲ್ಲಿ ತೋರಿಸುವುದು ಹೇಗೆ?

ಬಸ್ಸಿನ ವಿಳಂಬವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿಸಿ. ಮೂರು ಕಡೆಯಿಂದ ಅದು ಬರುತ್ತದೆ: ಕೂಡುರಸ್ತೆಯಲ್ಲಿ ಹೆಚ್ಚಿದ ಕಾರುಗಳು, ನಿಲ್ದಾಣದಲ್ಲಿ ಹತ್ತಿ ಇಳಿಯಲು ಹೆಚ್ಚಿದ ಹೊತ್ತು, ನಿಲ್ದಾಣ ಬಿಟ್ಟು ಮತ್ತೆ ವಾಹನಗಳ ಸಾಲಿಗೆ ಸೇರಲು ಹಿಡಿಯುವ ಹೊತ್ತು. ಸಾನ್ ಫ್ರಾನ್ಸಿಸ್ಕೋದ ಪರಿಶೀಲನಾ ಮಾರ್ಗಸೂಚಿಯಲ್ಲಿ ಒಂದು ಮಾರ್ಗಕ್ಕೆ 4 ನಿಮಿಷದಷ್ಟು ವಿಳಂಬ ಆದರೆ ಅದು ಗಂಭೀರ ಪರಿಣಾಮ.

ಸಣ್ಣ ವಿಳಂಬಕ್ಕೂ ಬೆಲೆ ಇದೆ. ಹೋಗಿ ಬರಲು 60 ನಿಮಿಷ ಹಿಡಿಯುವ ಮಾರ್ಗದಲ್ಲಿ 10 ನಿಮಿಷಕ್ಕೊಂದು ಬಸ್ಸು ಓಡಿಸಲು 6 ಬಸ್ಸು ಬೇಕು. ಸುತ್ತಿಗೆ 6 ನಿಮಿಷ ಹೆಚ್ಚಾದರೆ ಅವೇ 6 ಬಸ್ಸುಗಳಿಂದ 11 ನಿಮಿಷಕ್ಕೊಂದು ಮಾತ್ರ ಸಾಧ್ಯ. ಅಂತರ ಉಳಿಸಿಕೊಳ್ಳಬೇಕಾದರೆ ಏಳನೇ ಬಸ್ಸು, ಅದಕ್ಕೆ ಚಾಲಕರು, ಇಂಧನ, ಡಿಪೊದಲ್ಲಿ ಜಾಗ. ಈ ಖರ್ಚು ಯಾರದು ಎಂಬ ಪ್ರಶ್ನೆಯನ್ನು ಮಂಜೂರಾತಿಗೆ ಮೊದಲೇ ಎತ್ತಬೇಕು. ಕಟ್ಟಡ ಎದ್ದ ಮೇಲೆ ಆ ಹೊರೆ ಮೌನವಾಗಿ ಸಾರಿಗೆ ಸಂಸ್ಥೆಯ ಮೇಲೂ ಹಳೆಯ ಪ್ರಯಾಣಿಕರ ಮೇಲೂ ಬೀಳುತ್ತದೆ.

ಯಾವ ಷರತ್ತುಗಳನ್ನು ಹಾಕಬಹುದು?

ಆಯಾ ಊರಿನ ಕಾನೂನು ಎಷ್ಟಕ್ಕೆ ಅವಕಾಶ ಕೊಡುತ್ತದೆ ನೋಡಿಕೊಳ್ಳಬೇಕು. ಪರಿಣಾಮಕ್ಕೆ ಹೋಲಿಸಿದರೆ ಅಗ್ಗವಾದವು ಇವು: ನಿಲ್ದಾಣದ ಕಡೆಗೆ ಹಗಲು ರಾತ್ರಿ ತೆರೆದಿರುವ ಗೇಟು, ಗೇಟಿನಿಂದ ನಿಲ್ದಾಣದವರೆಗೆ ಎಡೆಬಿಡದ ಫುಟ್‌ಪಾತ್ ಮತ್ತು ಬೆಳಕು, ರಸ್ತೆ ದಾಟಲು ಸಿಗ್ನಲ್, ತಂಗುದಾಣ, ಕಾರಿನ ಗೇಟು ಬಸ್ ಮಾರ್ಗದ ಮೇಲೆ ತೆರೆಯದಂತೆ ಬದಿಯ ರಸ್ತೆಗೆ ತಿರುಗಿಸುವುದು. ದೊಡ್ಡ ಯೋಜನೆಗಳಿಂದ ಬಸ್ ಪಥಕ್ಕೆ ಜಾಗ, ಹೆಚ್ಚುವರಿ ಟ್ರಿಪ್‌ಗಳಿಗೆ ಕೆಲವು ವರ್ಷಗಳ ಹಣ ಕೇಳಬಹುದು. ಷರತ್ತಿನಲ್ಲಿ ಅಳತೆ ಇರಲಿ. "ಪಾದಚಾರಿ ಸಂಪರ್ಕ ಕಲ್ಪಿಸತಕ್ಕದ್ದು" ಎಂದು ಬರೆದರೆ ಏನೂ ಆಗುವುದಿಲ್ಲ. "ಕಟ್ಟಡದ ಬಾಗಿಲಿನಿಂದ ನಿಲ್ದಾಣಕ್ಕೆ ನಡಿಗೆಯ ದೂರ 250 ಮೀಟರ್ ಮೀರಬಾರದು, ವಾಸಯೋಗ್ಯ ಪ್ರಮಾಣಪತ್ರಕ್ಕೆ ಮುನ್ನ ಪೂರ್ಣಗೊಂಡಿರಬೇಕು" ಎಂದು ಬರೆದರೆ ಪರೀಕ್ಷಿಸಬಹುದು.

ಈಗ ಸೇವೆ ಇಲ್ಲ, ಮುಂದೆ ಮೆಟ್ರೊ ಬರುತ್ತದೆ ಎನ್ನುತ್ತಾರೆ. ಲೆಕ್ಕಕ್ಕೆ ತೆಗೆದುಕೊಳ್ಳಬಹುದೇ?

ಹಣ ಮಂಜೂರಾಗಿ ಕಾಮಗಾರಿ ನಡೆಯುತ್ತಿದ್ದರೆ ಎರಡು ಲೆಕ್ಕ ಕೇಳಿ: ಜನ ವಾಸಕ್ಕೆ ಬರುವ ದಿನದ್ದು ಒಂದು, ಮಾರ್ಗ ತೆರೆದ ಮೇಲಿನದು ಇನ್ನೊಂದು. ಘೋಷಣೆ ಮಾತ್ರ ಆಗಿದ್ದರೆ ಸೇರಿಸಬೇಡಿ. ಮೊದಲ ಎರಡು ಮೂರು ವರ್ಷ ಬಸ್ಸಿಲ್ಲದೆ ಕಳೆದ ಮನೆಯವರು ಅಷ್ಟರಲ್ಲಿ ವಾಹನ ಕೊಂಡಿರುತ್ತಾರೆ, ಆಮೇಲೆ ರೈಲು ಬಂದರೂ ಅದನ್ನು ಬಿಟ್ಟು ಬರುವುದು ನಿಧಾನ.

ಭಾರತದಲ್ಲಿ ಇಂಥ ಮಾನದಂಡ ಇದೆಯೇ?

ಆಗಿನ ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ (ಈಗ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ) ಸೇವಾ ಮಟ್ಟದ ಮಾನದಂಡಗಳಲ್ಲಿ 1ರಿಂದ 4ರವರೆಗೆ ಮಟ್ಟಗಳಿವೆ. ಸಾವಿರ ಜನಕ್ಕೆ 0.6 ಅಥವಾ ಹೆಚ್ಚು ಬಸ್ಸು, ಸರಾಸರಿ ಕಾಯುವಿಕೆ 4 ನಿಮಿಷದೊಳಗೆ ಇದ್ದರೆ ಮೊದಲ ಮಟ್ಟ. ಇವು ಇಡೀ ನಗರವನ್ನು ಅಳೆಯುತ್ತವೆ. ಒಂದು ನಿವೇಶನದ ಪರಿಶೀಲನೆಗೆ ಇಲ್ಲಿ ಹೇಳಿದ ಬಗೆಯ ಲೆಕ್ಕವೇ ಬೇಕು.

ಎಲ್ಲರಿಗೂ ಒಂದೇ ಅಳತೆ ಸರಿಯೇ?

ಸರಿಯಲ್ಲ. ನಿಮಿಷಕ್ಕೆ 80 ಮೀಟರ್ ಎಂಬುದು ಗಟ್ಟಿಮುಟ್ಟಾದವರ ನಡಿಗೆ. ವಯಸ್ಸಾದವರಿಗೆ, ಮಗು ಎತ್ತಿಕೊಂಡವರಿಗೆ, ಗಾಲಿಕುರ್ಚಿಯಲ್ಲಿ ಹೋಗುವವರಿಗೆ ಅದೇ ದೂರ ಎರಡರಷ್ಟು ಹೊತ್ತು ಹಿಡಿಯಬಹುದು. ಇಳಿಜಾರಿಲ್ಲದ ಒಂದೇ ಒಂದು ಫುಟ್‌ಪಾತ್ ಅಂಚು ಇದ್ದರೂ ಗಾಲಿಕುರ್ಚಿಯ ಮಟ್ಟಿಗೆ ನಿಲ್ದಾಣ ಇಲ್ಲವೆಂದೇ ಅರ್ಥ. ಬೆಳಗಿನ ದಟ್ಟಣೆಯನ್ನು ಮಾತ್ರ ಅಳೆದರೆ ಆಸ್ಪತ್ರೆಯ ರಾತ್ರಿ ಪಾಳಿಯವರು, ಮಧ್ಯಾಹ್ನ ಮನೆಗೆಲಸ ಮುಗಿಸಿ ಹೊರಡುವವರು ಕಣ್ಣಿಗೇ ಬೀಳುವುದಿಲ್ಲ. ಕತ್ತಲಾದ ಮೇಲೆ ಆ ನಡಿಗೆ ಮಹಿಳೆಯರಿಗೆ ಸುರಕ್ಷಿತವೇ ಎಂಬುದು ಯಾವ ಸೂತ್ರದಲ್ಲೂ ಇಲ್ಲ, ಸ್ಥಳಕ್ಕೆ ಹೋಗಿಯೇ ನೋಡಬೇಕು. ಕನಿಷ್ಠ ಒಂದು ಮಧ್ಯಾಹ್ನ, ಒಂದು ರಾತ್ರಿ, ಒಂದು ಭಾನುವಾರದ ಲೆಕ್ಕವನ್ನು ಪ್ರತಿ ವರದಿಯಲ್ಲೂ ಕಡ್ಡಾಯ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಾವೇ ಅಳೆಯಬಹುದೇ? ಮಾಹಿತಿ ಎಲ್ಲಿ ಸಿಗುತ್ತದೆ?

ಅಳೆಯಬಹುದು. ಅನೇಕ ಸಾರಿಗೆ ಸಂಸ್ಥೆಗಳು ಮಾರ್ಗ, ನಿಲ್ದಾಣ, ವೇಳೆಗಳನ್ನು ಜಿಟಿಎಫ್‌ಎಸ್ ಎಂಬ ಮುಕ್ತ ಮಾದರಿಯಲ್ಲಿ ಪ್ರಕಟಿಸುತ್ತವೆ. ಪೋರ್ಟ್‌ಲ್ಯಾಂಡಿನ ಟ್ರೈಮೆಟ್ ಮತ್ತು ಗೂಗಲ್ ಸೇರಿ ರೂಪಿಸಿದ ಮಾದರಿ ಅದು. ವೇಳಾಪಟ್ಟಿ ಕೊಡುವುದು ಮಾತನ್ನು ಮಾತ್ರ. ನಡೆದದ್ದು ಏನೆಂದು ತಿಳಿಯಲು ಬಸ್ಸಿನ ಜಿಪಿಎಸ್ ದಾಖಲೆ ಬೇಕು.

ಅದು ಸಿಗದಿದ್ದರೆ ಒಂದು ನೋಟ್‌ಬುಕ್ ಸಾಕು. ಕೆಲಸದ ದಿನ ಎರಡು ಗಂಟೆ ನಿಲ್ದಾಣದಲ್ಲಿ ನಿಂತು ಪ್ರತಿ ಬಸ್ಸಿನ ಮಾರ್ಗ ಸಂಖ್ಯೆ, ಬಂದ ವೇಳೆ, ಹೊರಟ ವೇಳೆ ಬರೆಯಿರಿ. ಹತ್ತಲಾಗದೆ ಎಷ್ಟು ಜನ ಉಳಿದರು, ನಿಲ್ಲಿಸದೆ ಹೋದ ಬಸ್ಸು ಯಾವುದು ಎಂಬುದಕ್ಕೆ ಪ್ರತ್ಯೇಕ ಕಾಲಂ ಇರಲಿ. ಒಂದೇ ಕಡೆಗೆ ಹೋಗುವ ಬೇರೆ ಬೇರೆ ಮಾರ್ಗಗಳನ್ನು ಒಟ್ಟಿಗೆ ಎಣಿಸಬಹುದು, ಬೇರೆ ಕಡೆಗೆ ಹೋಗುವುದನ್ನು ಬೆರೆಸಬೇಡಿ. ಇನ್ನೊಂದು ವಾರ, ಬೇರೆ ದಿನ ಮತ್ತೆ ಮಾಡಿ. ಅಂತರಗಳ ವರ್ಗ ತೆಗೆದು ಮೇಲಿನ ಸೂತ್ರಕ್ಕೆ ಹಾಕಿ, ಬಂದ ಅಂಕಿಯ ಜೊತೆ ಮೂಲ ಹಾಳೆಯನ್ನೂ ಲಗತ್ತಿಸಿ ಆಕ್ಷೇಪಣೆಯ ಅವಧಿಯೊಳಗೆ ಸಲ್ಲಿಸಿ. ಯೋಜನೆಯ ಪರವಾಗಿ ಬರೆದ ವರದಿಯಲ್ಲಿ ಕಾಯುವಿಕೆ ಎಷ್ಟು ಎಂದಿದೆಯೋ ಅದೇ ಹೊತ್ತಿನ ನಿಮ್ಮ ಅಂಕಿಯನ್ನು ಅದರ ಪಕ್ಕದಲ್ಲೇ ಬರೆಯಿರಿ, ಎರಡಕ್ಕೂ ಏಕೆ ವ್ಯತ್ಯಾಸ ಎಂದು ಲಿಖಿತ ಉತ್ತರ ಕೇಳಿ.